ಮರಿ ತರುವ ಮೊದಲು ತಾಯಿ ಕೋಳಿ

ಕೋಳಿ ಸಾಕಲು ಹೊರಟವರು ಮೊದಲು ಕೇಳುವುದು ಯಾವ ತಳಿ ತರಲಿ ಎಂದು. ಗಿರಿರಾಜವೋ, ವನರಾಜವೋ, ಕಡಕ್‌ನಾಥೋ? ಅನಂತಪುರ ಸೀಮೆಯ ನೇಮಕಲ್ಲು, ಬೊಮ್ಮನಹಾಳ್, ಕಣೇಕಲ್ ಕಡೆಯ ಹಿತ್ತಲಾಗಲಿ, ಆಚೆ ಮಡಕಶಿರಾ, ಅಗಳಿ, ರೊಳ್ಳದ ಹಿತ್ತಲಾಗಲಿ, ನನ್ನ ಉತ್ತರ ಒಂದೇ. ಮೊದಲು ಊರಲ್ಲೇ ವಿಚಾರಿಸಿ, ಕಾವಿಗೆ ಗಟ್ಟಿಯಾಗಿ ಕೂರುತ್ತದೆ ಎಂದು ಹೆಸರಾದ ಎರಡು ಹೇಂಟೆ ಕೊಂಡು ತನ್ನಿ. ಇಂಥ ಊರ ಕೋಳಿಯನ್ನು ರಾಯದುರ್ಗದ ಕಡೆ ಜವಾರಿ ಅನ್ನುತ್ತಾರೆ, ಮಡಕಶಿರಾದ ಕಡೆ ನಾಟಿ ಅನ್ನುತ್ತಾರೆ. ಹೊರಗಿನ ತಳಿಯ ವಿಚಾರ ಆಮೇಲೆ.

ಹೀಗೆ ಹೇಳಲು ಕಾರಣವಿದೆ. ಹೆಚ್ಚು ಮೊಟ್ಟೆ ಬೇಕೆಂದು ಬೆಳೆಸಿದ ತಳಿಗಳಲ್ಲಿ ಕಾವಿಗೆ ಕೂರುವ ಗುಣ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಕಾವಿಗೆ ಕೂತ ಹೇಂಟೆ ಮೊಟ್ಟೆ ನಿಲ್ಲಿಸುತ್ತದೆ. 21 ದಿನ ಕಾವು, ಆಮೇಲೆ ಮರಿಗಳನ್ನು ಮೇಯಿಸಿಕೊಂಡು ತಿರುಗುವ ಎರಡು ಮೂರು ತಿಂಗಳು, ಅಷ್ಟೂ ದಿನ ಅದರಿಂದ ಮೊಟ್ಟೆ ಇಲ್ಲ. ತಳಿ ಸುಧಾರಿಸಿದವರು ಕಾವಿಗೆ ಕೂರದ ಹೇಂಟೆಗಳನ್ನೇ ಆರಿಸುತ್ತ ಬಂದರು. ಹಾಗಾಗಿ ಜವಾರಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಡುವ ಕಡೆ ಗಿರಿರಾಜ 130ರಿಂದ 150 ಇಡುತ್ತದೆ. ಆದರೆ ಆ ಮೊಟ್ಟೆಯನ್ನು ಮರಿ ಮಾಡುವುದು ಅದಕ್ಕೆ ಬಾರದು. ಮರಿಗೆ ಬಿಸಿ ಕೊಡುವುದು, ಗೆದ್ದಲು ಕೆದಕಿ ತೋರಿಸುವುದು, ಹದ್ದಿನ ನೆರಳು ಬಿದ್ದ ಕೂಡಲೇ ಕೂಗಿ ರೆಕ್ಕೆಯಡಿಗೆ ಕರೆದುಕೊಳ್ಳುವುದು, ಇದೆಲ್ಲ ಜವಾರಿ ಹೇಂಟೆ ದುಡ್ಡಿಲ್ಲದೆ ಮಾಡುವ ಕೆಲಸ. ಅದು ಇಲ್ಲದ ಮನೆಯಲ್ಲಿ ಇಷ್ಟನ್ನೂ ಬಲ್ಬು, ತಗಡು, ಚೀಲದ ಆಹಾರ ಮತ್ತು ನಮ್ಮ ನಿದ್ದೆ ಸೇರಿ ಮಾಡಬೇಕು.

ಈ ನೆಲದ ಗುಣ ಬಿಟ್ಟು ತಳಿಯ ಮಾತಾಡುವುದೂ ತಪ್ಪು. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಹಗರಿ ದಂಡೆಯ ಊರುಗಳಲ್ಲಿ ಗಾಳಿ ಎದ್ದರೆ ನದಿಯ ಮರಳು ಹೊಲಕ್ಕೆ ಬಂದು ದಿಬ್ಬ ಕಟ್ಟುತ್ತದೆ. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಬೇಸಿಗೆ ಎರಡೂ ಕಡೆ ಕಠಿಣವೇ. ಒಣ ಹವೆಯಿಂದ ಕೋಳಿಗೆ ಒಂದು ಲಾಭವಿದೆ. ನೆಲ ಹಸಿಯಾಗಿರುವ ಮಲೆನಾಡಿನಲ್ಲಿ ಕಾಡುವಷ್ಟು ರಕ್ತಭೇದಿ, ಜಂತುಹುಳು ಇಲ್ಲಿ ಕಾಡುವುದಿಲ್ಲ. ನಷ್ಟವೆಲ್ಲ ಏಪ್ರಿಲ್–ಮೇ ತಿಂಗಳಲ್ಲಿ. ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಹೊರಗೆ 40 ಡಿಗ್ರಿ ಮುಟ್ಟಿದಾಗ ಬಾಯಿ ತೆರೆದು ಏದುಸಿರು ಬಿಡುವುದೊಂದೇ ಅದಕ್ಕಿರುವ ದಾರಿ. ಮೈ ದೊಡ್ಡದಾದಷ್ಟೂ ಒಳಗಿನ ಬಿಸಿ ಹೊರಹೋಗುವುದು ಕಷ್ಟ. ತೂಕ ನೋಡಿ ತಳಿ ಆರಿಸುವವರು ಇದನ್ನು ಮರೆಯಬಾರದು.

ಗಿರಿರಾಜ ನಮ್ಮವರಿಗೆ ಹೆಚ್ಚು ಪರಿಚಯದ ಹೆಸರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಭಾಗವಾಗಿದ್ದ ಕಾಲದಲ್ಲಿ ಅಲ್ಲಿನ ಕೋಳಿ ವಿಜ್ಞಾನಿಗಳು ಬೆಳೆಸಿದ ತಳಿ ಅದು. ಬಣ್ಣ ಬಣ್ಣದ ಗರಿ, ಗಟ್ಟಿ ಮೈ, ಮಾಂಸಕ್ಕೂ ಮೊಟ್ಟೆಗೂ ಆಗುತ್ತದೆ. ಗರಿಯ ಬಣ್ಣವನ್ನು ಅಂದಕ್ಕೆಂದೇ ಉಳಿಸಿಕೊಂಡದ್ದಲ್ಲ. ಬಿಳಿ ಕೋಳಿ ಹದ್ದಿಗೆ ದೂರದಿಂದಲೇ ಕಾಣುತ್ತದೆ, ಕಂದು ಕಪ್ಪು ಬೆರೆತದ್ದು ಬೇಲಿಯ ನೆರಳಲ್ಲಿ ಕಾಣದಂತೆ ಅಡಗುತ್ತದೆ. ಹೆಬ್ಬಾಳದಿಂದಲೇ 2005ರಲ್ಲಿ ಬಂದ ಸ್ವರ್ಣಧಾರಾ ವರ್ಷಕ್ಕೆ ಇನ್ನೂ 15–20 ಮೊಟ್ಟೆ ಹೆಚ್ಚು ಇಡುತ್ತದೆ. ಮೈ ಗಿರಿರಾಜಕ್ಕಿಂತ ಹಗುರ, ಆದ್ದರಿಂದ ನಾಯಿ, ಕಾಡುಬೆಕ್ಕು ಬಂದರೆ ಹಾರಿ ತಪ್ಪಿಸಿಕೊಳ್ಳುತ್ತದೆ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ನಿರ್ದೇಶನಾಲಯದಿಂದ ವನರಾಜ, ಗ್ರಾಮಪ್ರಿಯ, ಶ್ರೀನಿಧಿ ಬಂದವು. ವನರಾಜ ಹೆಚ್ಚುಕಡಿಮೆ ಗಿರಿರಾಜದ ಜೋಡಿ. ಗ್ರಾಮಪ್ರಿಯ ಮೊಟ್ಟೆಯ ಕೋಳಿ, ಬಯಲಲ್ಲಿ ಮೇಯುತ್ತಲೇ ವರ್ಷಕ್ಕೆ 160–180 ಕಂದು ಮೊಟ್ಟೆ ಇಡಬಲ್ಲದು.

ಈ ಸೀಮೆಗೆ ಮೊದಲ ಸಲ ಸಾಕುವವರಿಗೆ ನನ್ನ ಆಯ್ಕೆ ಮೊಟ್ಟೆಗಾಗಿ ಸ್ವರ್ಣಧಾರಾ ಅಥವಾ ಗ್ರಾಮಪ್ರಿಯ. ಗಿರಿರಾಜ, ವನರಾಜದ ಹುಂಜಗಳು ಹಬ್ಬದ ಮಾರಾಟಕ್ಕೆ ಸರಿ. ಆದರೆ ಮೂರು ನಾಲ್ಕು ಕಿಲೋ ತೂಗುವ ಹುಂಜವನ್ನು ಮೇ ತಿಂಗಳ ಮಧ್ಯಾಹ್ನಕ್ಕೆ ಉಳಿಸಿಕೊಳ್ಳಬಾರದು, ಅಷ್ಟರೊಳಗೆ ಮಾರಿಬಿಡಬೇಕು. ಜವಾರಿಯಲ್ಲೇ ಅಲ್ಲೊಂದು ಇಲ್ಲೊಂದು ಕಾಣುವ ಬೋಳು ಕತ್ತಿನ ಕೋಳಿಯನ್ನು ಅಂದವಿಲ್ಲವೆಂದು ಎಷ್ಟೋ ಮನೆಯವರು ಎಲ್ಲಕ್ಕಿಂತ ಮೊದಲು ಕುಯ್ಯುತ್ತಾರೆ. ಕತ್ತಿನಲ್ಲಿ ಗರಿ ಇಲ್ಲದ, ಮೈಮೇಲೂ ಗರಿ ಕಡಿಮೆ ಇರುವ ಆ ಕೋಳಿ ಬಿಸಿಲನ್ನು ಉಳಿದವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಅದು ಹುಟ್ಟಿನಿಂದ ಬರುವ ಗುಣ, ಮರಿಗಳಿಗೂ ಇಳಿಯುತ್ತದೆ. ಅಂಥ ಹೇಂಟೆ ಸಿಕ್ಕರೆ ಕಾಪಾಡಿಕೊಳ್ಳಿ.

ಕೆಲವನ್ನು ಆರಂಭದಲ್ಲಿ ಬೇಡವೆಂದೇ ಹೇಳುತ್ತೇನೆ. ಅಸೀಲ್ ಆಂಧ್ರದ ಹೆಮ್ಮೆಯ ತಳಿ, ಒಳ್ಳೆಯ ತಾಯಿ ಕೂಡ, ಆದರೆ ಇಡುವ ಮೊಟ್ಟೆ ಬಹಳ ಕಡಿಮೆ, ಹುಂಜಗಳು ಒಂದನ್ನೊಂದು ಉಳಿಸುವುದಿಲ್ಲ. ಪಂದ್ಯಕ್ಕೆ ಮಾರಿದರೆ ದುಡ್ಡು ಬರುತ್ತದೆ ಅನ್ನುವವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ನೆನಪಿಸಬೇಕು. ಕೋಳಿ ಕಾಳಗ ಅಪರಾಧ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ಕರಿಕೋಳಿ, 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿತು. ಕೋಳಿ ಚೆನ್ನಾಗಿಯೇ ಇದೆ, ತೊಂದರೆ ಇರುವುದು ಮಾರಾಟದಲ್ಲಿ. ದುಬಾರಿ ಬೆಲೆಗೆ ಮರಿ ಕೊಟ್ಟು, ಬೆಳೆದ ಮೇಲೆ ನಾವೇ ಕೊಳ್ಳುತ್ತೇವೆ ಎಂದು ಕಾಗದ ಬರೆದುಕೊಡುವವರನ್ನು ನಂಬಬೇಡಿ. 2012ರಲ್ಲಿ ತಮಿಳುನಾಡಿನ ಪೆರುಂದುರೈ ಸುತ್ತ ಈಮು ಸಾಕಿದ ಸಾವಿರಾರು ಕುಟುಂಬಗಳು ಇಂಥದೇ ಮಾತು ನಂಬಿ ಮುಳುಗಿದವು. ಇನ್ನು ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಅದ್ದಿ ಬುಟ್ಟಿಯಲ್ಲಿಟ್ಟು ಮಾರುವ ಮರಿಗಳು. ಮಕ್ಕಳು ಹಟ ಮಾಡುತ್ತವೆ ಎಂದು ತರುತ್ತೇವೆ. ಅವುಗಳಲ್ಲಿ ಹೆಚ್ಚಿನವು ಮೊಟ್ಟೆ ಕೋಳಿಯ ಹ್ಯಾಚರಿಗಳು ಬೇಡವೆಂದು ಬಿಟ್ಟ ಗಂಡು ಮರಿಗಳು. ಮೊಟ್ಟೆ ಇಡುವುದಿಲ್ಲ, ಮಾಂಸವೂ ತುಂಬುವುದಿಲ್ಲ, ಲಸಿಕೆ ಹಾಕಿರುವ ಭರವಸೆಯೂ ಇಲ್ಲ. ಬೇರೆ ಮರಿಗಳಿರುವ ಮನೆಗೆ ಅವು ರೋಗ ಹೊತ್ತು ತರಬಹುದು.

ಸುಧಾರಿಸಿದ ತಳಿಯ ವಿಚಾರದಲ್ಲಿ ಇನ್ನೊಂದು ಮಾತನ್ನು ಮರಿ ಮಾರುವವರು ಹೇಳುವುದು ಅಪರೂಪ. ಇವು ಬೇರೆ ಬೇರೆ ಸಾಲಿನ ಕೋಳಿಗಳನ್ನು ಕೂಡಿಸಿ ಪಡೆದ ಮಿಶ್ರ ತಳಿಗಳು. ನಿಮ್ಮ ಮನೆಯ ಗಿರಿರಾಜ ಹುಂಜ, ಗಿರಿರಾಜ ಹೇಂಟೆಗೆ ಹುಟ್ಟಿದ ಮರಿ ಅಪ್ಪ ಅಮ್ಮನಷ್ಟು ಬೆಳೆಯುವುದಿಲ್ಲ, ಒಂದೊಂದು ಒಂದೊಂದು ರೀತಿ ಆಗುತ್ತದೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮರಿ ತರಲೇಬೇಕು. ಮಡಕಶಿರಾದವರಿಗೆ ಬೆಂಗಳೂರು ಹತ್ತಿರ, ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ. ಹೀಗೆ ತಂದ ಒಂದು ದಿನದ ಮರಿಗಳನ್ನು ಜವಾರಿ ತಾಯಿಗೆ ಒಪ್ಪಿಸುವ ಉಪಾಯವನ್ನು ಹಿಂದಿನವರು ಚೆನ್ನಾಗಿ ಬಲ್ಲರು. ಮರಿ ಬರುವ ದಿನಕ್ಕೆ ಹೊಂದುವಂತೆ ಹೇಂಟೆಯನ್ನು ಮೂರು ವಾರ ಮೊದಲೇ ಕಾವಿಗೆ ಕೂರಿಸಬೇಕು. ಅದರ ಮೊಟ್ಟೆ ಒಡೆದ ರಾತ್ರಿಯೇ, ದೀಪ ಹಾಕದೆ, ಹೊಸ ಮರಿಗಳನ್ನು ಒಂದೊಂದಾಗಿ ರೆಕ್ಕೆಯಡಿಗೆ ಸರಿಸಬೇಕು. ಬೆಳಗಾಗುವ ಹೊತ್ತಿಗೆ ಎಲ್ಲವೂ ಅದರ ಮಕ್ಕಳೇ. ನಾಲ್ಕೈದು ದಿನ ತಡವಾದರೆ ಕುಕ್ಕಿ ಓಡಿಸುತ್ತದೆ.

ಮೊಟ್ಟೆಯನ್ನೇ ಇಡುವುದಾದರೆ ಒಂದು ಜವಾರಿ ಹೇಂಟೆಯ ಕೆಳಗೆ ಹತ್ತು ಹನ್ನೆರಡು ಸಾಕು. ದೊಡ್ಡ ತಳಿಯ ಮೊಟ್ಟೆಯಾದರೆ ಇನ್ನೂ ಕಡಿಮೆ. ಅಂಚಿಗೆ ಹೋದ ಮೊಟ್ಟೆಗೆ ಕಾವು ಮುಟ್ಟದೆ ಒಳಗಿನ ಪಿಳ್ಳೆ ಸಾಯುತ್ತದೆ. ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು, ಬೇಸಿಗೆಯಲ್ಲಿ ಮೂರು ನಾಲ್ಕು ದಿನವೇ ಹೆಚ್ಚು. ತೊಳೆಯಬಾರದು, ಚೂಪು ತುದಿ ಕೆಳಗಾಗಿ ಇಟ್ಟುಕೊಳ್ಳಬೇಕು. ಬುಟ್ಟಿಯ ತಳಕ್ಕೆ ಮರಳು, ಮೇಲೆ ಹುಲ್ಲು, ನಡುವೆ ಒಲೆಯ ಬೂದಿ ಹಾಕಿದರೆ ಹೇನು ಹತ್ತುವುದಿಲ್ಲ. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಹಿರಿಯರು ಕಬ್ಬಿಣದ ಚೂರೊಂದನ್ನು ಬುಟ್ಟಿಗೆ ಹಾಕುತ್ತಾರೆ. ಅದರಿಂದ ಕೇಡೇನೂ ಇಲ್ಲ, ಅವರ ಮನಸ್ಸು ನೋಯಿಸಿ ತೆಗೆಯಬೇಕಿಲ್ಲ. ಏಳನೆಯ ರಾತ್ರಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ಕೆಂಪು ನರಗಳು ಹರಡಿದ್ದರೆ ಜೀವವಿದೆ. ಬರೀ ತಿಳಿಯಾಗಿ ಬೆಳಗಿದರೆ ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡಿ.

ತಾಯಿ ಸಿಗದೆ ಐವತ್ತು ಮರಿ ಒಟ್ಟಿಗೆ ತಂದವರ ಕಷ್ಟ ಬೇರೆ. ಮೊಟ್ಟೆಯಿಂದ ಹೊರಬರುವಾಗ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬಲದ ಮೇಲೆ ಎರಡು ದಿನ ಅನ್ನ ನೀರಿಲ್ಲದೆ ಇರಬಲ್ಲದು, ಅದಕ್ಕೇ ಡಬ್ಬದಲ್ಲಿಟ್ಟು ಅಷ್ಟು ದೂರ ತರಲು ಆಗುವುದು. ಆದರೆ ಚಳಿಯನ್ನು ಅದು ತಡೆಯಲಾರದು. ಮೈಮೇಲೆ ಇರುವುದು ಬರೀ ನವಿರು, ಗರಿ ಮೂಡಲು ಮೂರು ನಾಲ್ಕು ವಾರ ಬೇಕು. ಮೊದಲ ವಾರ ಅದರ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಬಿಸಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಬೇಕು. ಒಂದು ಮರಿಗೆ ಎರಡು ವಾಟ್ ಎಂಬುದು ಹಳೆಯ ಲೆಕ್ಕ, ಐವತ್ತಕ್ಕೆ ನೂರು ವಾಟಿನ ಒಂದು ಬಲ್ಬು. ಈಗ ಎಲ್ಲರ ಮನೆಯಲ್ಲಿರುವ ಎಲ್‌ಇಡಿ ಬಲ್ಬು ಇದಕ್ಕೆ ನಡೆಯದು. ಅದು ಬೆಳಕು ಕೊಡುತ್ತದೆ, ಮರಿಗೆ ಸಾಲುವ ಬಿಸಿ ಕೊಡುವುದಿಲ್ಲ. ತಂತಿ ಕಾಯುವ ಹಳೆಯ ಬಲ್ಬನ್ನೇ ಹುಡುಕಿ ತರಬೇಕು. ದೀಪ ಉರಿಯುತ್ತಿದೆಯಲ್ಲ ಎಂದು ಮಲಗಿದವರ ಮರಿಗಳು ಬೆಳಗ್ಗೆ ಸತ್ತಿರುತ್ತವೆ. ಕರೆಂಟು ಹೋಗುವ ಊರಲ್ಲಿ ಕೆಂಡದ ಅಗ್ಗಿಷ್ಟಿಕೆ ಸಿದ್ಧವಿರಲಿ. ಆದರೆ ಹೊಗೆ ಹೊರಗೆ ಹೋಗಲು ಮೇಲ್ಗಡೆ ಜಾಗ ಇರಬೇಕು, ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ಮರಿಯನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ದೀಪದ ಕೆಳಗೆ ಒತ್ತೊತ್ತಾಗಿ ನಿಂತು ಚಿಂವ್‌ಗುಟ್ಟಿದರೆ ಚಳಿ. ದೀಪದಿಂದ ದೂರ ಸರಿದು ರೆಕ್ಕೆ ಇಳಿಬಿಟ್ಟು ಬಾಯಿ ತೆರೆದಿದ್ದರೆ ಸೆಕೆ. ಎಲ್ಲ ಕಡೆ ಹರಡಿ ತಿನ್ನುತ್ತ, ಮಲಗುತ್ತ ಇದ್ದರೆ ಹದವಾಗಿದೆ. ಮರಿಗಳನ್ನು ಚೌಕ ಪೆಟ್ಟಿಗೆಯಲ್ಲಿ ಬಿಡಬೇಡಿ. ಹೆದರಿದಾಗ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟುತ್ತವೆ. ತಗಡು ಇಲ್ಲವೇ ದಪ್ಪ ರಟ್ಟನ್ನು ಐದಾರು ಅಡಿ ಅಗಲಕ್ಕೆ ದುಂಡಗೆ ಸುತ್ತಿ ನಿಲ್ಲಿಸಿ. ಒಳಗೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಅಥವಾ ನಮ್ಮಲ್ಲಿ ಬೇಕಾದಷ್ಟು ಸಿಗುವ ಶೇಂಗಾ ಸಿಪ್ಪೆ. ಮೊದಲ ಎರಡು ದಿನ ಅದರ ಮೇಲೆ ಕಾಗದ ಹಾಸಿ, ಇಲ್ಲದಿದ್ದರೆ ಸಿಪ್ಪೆಯನ್ನೇ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ. ಬಂದ ಕೂಡಲೇ ಸ್ವಲ್ಪ ಬೆಲ್ಲ ಕರಗಿಸಿದ ನೀರಿಗೆ ಒಂದೊಂದರ ಕೊಕ್ಕನ್ನು ಅದ್ದಿ ಕುಡಿಯುವುದನ್ನು ತೋರಿಸಬೇಕು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಸಿಪ್ಪೆಯನ್ನು ದಿನಾ ಕೆದಕಿ ಒಣಗಿಸಿ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟಾಗ ಉದುರಬೇಕು, ಉಂಡೆಯಾಗಿ ನಿಂತರೆ ಹಸಿಯಾಗಿದೆ, ಬದಲಾಯಿಸಿ. ಒಣ ಸೀಮೆಯಲ್ಲೂ ನೀರಿನ ತಟ್ಟೆಯ ಸುತ್ತಲಿನ ಹಸಿಯಿಂದಲೇ ರಕ್ತಭೇದಿ ಶುರುವಾಗುತ್ತದೆ.

ಮೊದಲ ಆರು ವಾರ ಅಂಗಡಿಯಲ್ಲಿ ಸಿಗುವ ಮರಿಗಳ ಆಹಾರವನ್ನೇ ಕೊಡಿ ಎಂದು ಒತ್ತಿ ಹೇಳುತ್ತೇನೆ. ನುಚ್ಚು, ರಾಗಿ, ಸಜ್ಜೆ ಹೊಟ್ಟೆ ತುಂಬಿಸುತ್ತವೆ. ಆದರೆ ಮರಿಗೆ ಬೇಕಾದ ಶೇಕಡಾ 20ರಷ್ಟು ಪ್ರೋಟೀನ್ ಅವುಗಳಲ್ಲಿ ಇಲ್ಲ. ಆಮೇಲೆ ಸಜ್ಜೆ, ನವಣೆ, ಜೋಳ, ಹಿತ್ತಲ ಹುಳುಹುಪ್ಪಟೆ ಮೇಯಲು ಬಿಡಿ. ಹೊಲದ ಬದುವಿನಲ್ಲಿ ಮಡಕೆಗೆ ಸಗಣಿ, ಹಳೆ ಗೋಣಿತಟ್ಟು ತುಂಬಿ ನೀರು ಚಿಮುಕಿಸಿ ರಾತ್ರಿ ಬೋರಲು ಹಾಕಿದರೆ ಬೆಳಗ್ಗೆ ಗೆದ್ದಲು ತುಂಬಿರುತ್ತದೆ. ಇದಕ್ಕಿಂತ ಒಳ್ಳೆಯ ತಿನಿಸು ದುಡ್ಡು ಕೊಟ್ಟರೂ ಸಿಗದು. ಮಡಕಶಿರಾ, ಹಿಂದೂಪುರದ ಕಡೆ ನೂಲು ಬಿಚ್ಚುವ ಮನೆಗಳಲ್ಲಿ ಉಳಿಯುವ ರೇಷ್ಮೆ ಹುಳವನ್ನು ಒಣಗಿಸಿ ಸ್ವಲ್ಪ ಬೆರೆಸಬಹುದು.

ಈ ಸೀಮೆಯ ಕೋಳಿ ಸಾಕುವವರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಶೇಂಗಾ ಹಿಂಡಿಯ ಬಗ್ಗೆ. ನಮ್ಮ ಬೆಳೆ ಅದು, ಮನೆಯಲ್ಲೇ ಇರುತ್ತದೆ, ಪ್ರೋಟೀನೂ ಚೆನ್ನಾಗಿದೆ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಬೆಳೆದಿದ್ದು ಸಿಕ್ಕಿತು. ಅದು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಕಾಯಿ ತುಂಬುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಆ ಬೂಷ್ಟು ಹೊಲದಲ್ಲೇ ಹತ್ತುತ್ತದೆ. ನಮ್ಮಲ್ಲಿ ಎಷ್ಟು ವರ್ಷ ಹಾಗೆಯೇ ಆಗಿದೆ! ಆಮೇಲೆ ಕಾಯಿ ಸರಿಯಾಗಿ ಒಣಗದೆ ಚೀಲ ಸೇರಿದರೆ ಇನ್ನೂ ಹೆಚ್ಚುತ್ತದೆ. ಮಾರಾಟಕ್ಕಾಗದ ಜೊಳ್ಳು, ಕಪ್ಪಾದ, ಸುಕ್ಕಿದ ಬೀಜವನ್ನು ಕೋಳಿಗೆ ಹಾಕುವುದು ಮನೆಮನೆಯ ರೂಢಿ. ವಿಷ ಹೆಚ್ಚಾಗಿ ಇರುವುದು ಆ ಬೀಜದಲ್ಲೇ. ಎಳೆ ಮರಿಗಳ ಯಕೃತ್ತು ಇದಕ್ಕೆ ಬೇಗ ಸೋಲುತ್ತದೆ. ಒಮ್ಮೆಗೇ ಸಾಯದಿದ್ದರೂ ಬೆಳವಣಿಗೆ ನಿಲ್ಲುತ್ತದೆ, ಹಾಕಿಸಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಕುದಿಸಿದರೆ, ಹುರಿದರೆ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗಬಹುದು, ವಿಷ ಅಲ್ಲೇ ಉಳಿಯುತ್ತದೆ. ವಾಸನೆ ಬದಲಾದ, ಕಟ್ಟಿಕೊಂಡ ಹಿಂಡಿಯನ್ನು ಕೋಳಿಗೂ ಹಾಕಬೇಡಿ, ಎಮ್ಮೆಗೂ ಹಾಕಬೇಡಿ. ಹಾಲಿಗೂ ಅದು ಇಳಿಯುತ್ತದೆ.

ಇನ್ನು ಕೊಕ್ಕರೆ ರೋಗ. 1927ರ ಸುಮಾರಿಗೆ ಕುಮಾವು ಬೆಟ್ಟದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ದೇಶವೆಲ್ಲ ಅದನ್ನು ರಾಣಿಖೇತ್ ರೋಗ ಎನ್ನುತ್ತದೆ. ಹಸಿರು ಭೇದಿ, ಗೊರಗೊರ ಉಸಿರು, ತಿರುಚಿದ ಕತ್ತು, ಒಂದೆರಡು ದಿನದಲ್ಲಿ ಕೇರಿಯ ಕೋಳಿಯೆಲ್ಲ ಖಾಲಿ. ಬಂದ ಮೇಲೆ ಔಷಧಿ ಇಲ್ಲ, ಬಾರದಂತೆ ಲಸಿಕೆ ಇದೆ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಲಸೋಟಾ ಅಥವಾ ಎಫ್ ತಳಿಯ ಲಸಿಕೆಯ ಒಂದು ಹನಿ. ಎರಡನೆಯ ವಾರ ಗಂಬೋರೋ ಎಂಬ ಇನ್ನೊಂದು ರೋಗದ ಲಸಿಕೆ. ನಾಲ್ಕನೆಯ ವಾರ ಮತ್ತೆ ಲಸೋಟಾ. ಎಂಟು ವಾರ ತುಂಬಿದ ಮೇಲೆ ಆರ್‌ಟುಬಿ ಚುಚ್ಚುಮದ್ದು. ಈ ಕೊನೆಯದು ರಾಣಿಖೇತ್‌ಗೆ ಹತ್ತಿರದ ಮುಕ್ತೇಶ್ವರದ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡದ್ದು. ಖಾರವಾದ ಲಸಿಕೆ, ಎಳೆ ಮರಿಗೆ ಹಾಕಿದರೆ ಅದೇ ರೋಗವಾಗಬಹುದು.

ಲಸಿಕೆಯ ದೊಡ್ಡ ತೊಡಕು ಬೆಲೆಯಲ್ಲಿಲ್ಲ, ಸೀಸೆಯ ಅಳತೆಯಲ್ಲಿದೆ. ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಇರುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವ ಮನೆಯವರು ಒಂದು ಸೀಸೆ ಒಡೆಯುವುದು ಹೇಗೆ? ಅದಕ್ಕೆ ಕೇರಿಯವರೆಲ್ಲ ಒಂದು ದಿನ ಗೊತ್ತು ಮಾಡಿಕೊಳ್ಳಬೇಕು. ಹಿಂದಿನ ರಾತ್ರಿ ಗೂಡು ಸೇರಿದ ಕೋಳಿಗಳನ್ನು ಬೆಳಗ್ಗೆ ಹೊರಬಿಡದೆ, ಲಸಿಕೆಯನ್ನು ಪಶು ಆಸ್ಪತ್ರೆಯಿಂದ ಅಥವಾ ರೈತು ಸೇವಾ ಕೇಂದ್ರದ ಪಶು ಸಹಾಯಕರ ಮೂಲಕ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ತರಿಸಿ, ಬೆಳಗಿನ ತಂಪಿನಲ್ಲಿ ಮುಗಿಸಬೇಕು. ಊರಿನ ಮಹಿಳಾ ಸಂಘದವರು ಮನಸ್ಸು ಮಾಡಿದರೆ ಇದು ಅರ್ಧ ದಿನದ ಕೆಲಸ. ಒಬ್ಬರ ಮನೆಯಲ್ಲಿ ಹಾಕಿಸಿ ಪಕ್ಕದ ಮನೆ ಬಿಟ್ಟರೆ ರೋಗ ಊರು ಬಿಟ್ಟು ಹೋಗುವುದಿಲ್ಲ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯುವುದು, ಕಾಯಿಲೆ ಕಂಡ ಕೂಡಲೇ ಉಳಿದದ್ದನ್ನು ಸಂತೆಗೆ ಒಯ್ಯುವುದು, ಇವೆರಡು ಪಕ್ಕದ ಊರಿಗೆ ಮಾಡುವ ಅನ್ಯಾಯ. 2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಂಡಾಗಿನಿಂದ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ಒಟ್ಟಿಗೆ ಹಲವು ಕೋಳಿ ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಗೆ ತಿಳಿಸಿ.

ಯಾವಾಗ ಶುರು ಮಾಡಬೇಕು? ಮೊಟ್ಟೆಗಾಗಿ ಸಾಕುವವರು ಜುಲೈ–ಆಗಸ್ಟ್‌ನಲ್ಲಿ ಮರಿ ತಂದರೆ ಐದಾರು ತಿಂಗಳಿಗೆ, ಚಳಿಗಾಲದ ತಂಪಿನಲ್ಲಿ, ಮೊದಲ ಮೊಟ್ಟೆ ನೋಡುತ್ತಾರೆ. ಹುಂಜ ಮಾರುವವರಿಗೆ ದೀಪಾವಳಿಯ ಹೊತ್ತು ಸರಿ, ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಹುಂಜ ತಯಾರಾಗಿರುತ್ತದೆ, ಬಿಸಿಲು ಏರುವ ಮೊದಲೇ ಮನೆ ಬಿಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಹೊಸಬರು ಮರಿ ತರದಿರುವುದೇ ಒಳ್ಳೆಯದು. ಆ ತಿಂಗಳುಗಳಲ್ಲಿ ಇರುವ ಕೋಳಿಗೆ ಹುಣಿಸೆ, ಬೇವಿನ ನೆರಳು, ಮಣ್ಣಿನ ಪಾತ್ರೆಯಲ್ಲಿ ದಿನಕ್ಕೆ ಮೂರು ಸಲ ತಂಪು ನೀರು, ಬೆಳಗ್ಗೆ ಮತ್ತು ಇಳಿಹೊತ್ತಿಗಷ್ಟೇ ಕಾಳು ಹಾಕಿ. ಮಧ್ಯಾಹ್ನ ತಿಂದದ್ದು ಅರಗುವಾಗ ಮೈ ಇನ್ನಷ್ಟು ಕಾಯುತ್ತದೆ.

ಹುಂಜದ ಬಗ್ಗೆ ಒಂದು ಮಾತು. ಎಂಟು ಹತ್ತು ಹೇಂಟೆಗೆ ಒಂದೇ ಹುಂಜ ಸಾಕು, ಆದರೆ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತನ್ನ ಮರಿಗಳನ್ನೇ ಮತ್ತೆ ಕೂಡಿದರೆ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಹುಟ್ಟಿದ ಮರಿ ಬಡಕಲಾಗುತ್ತದೆ. ಬೇರೆ ಊರಿನ ನೆಂಟರ ಮನೆಯಿಂದ ಒಂದು ಹುಂಜ ತನ್ನಿ, ನಿಮ್ಮದನ್ನು ಅವರಿಗೆ ಕೊಡಿ. ತಂದದ್ದನ್ನು ಎರಡು ವಾರ ಬೇರೆ ಬುಟ್ಟಿಯಲ್ಲಿ ಕವಚಿಟ್ಟು, ಕಾಯಿಲೆ ಇಲ್ಲವೆಂದು ನೋಡಿಕೊಂಡು, ಆಮೇಲೆ ಹೇಂಟೆಗಳ ಜೊತೆ ಬಿಡಿ.